ಹೊಸ ಅಳಿಯನ ಮೊದಲ ಈಡು

ಮೊನ್ನೆ ಕುಪ್ಪಗಡ್ಡೆಗೆ ಹೋಗಿದ್ದೆ, ನಮ್ಮಣ್ಣನ ಮೊಮ್ಮಗಳ ಸೀಮಂತಕ್ಕೆ. ಊಟ ಮುಗಿಸಿ ಕೈ ತೊಳೆಯೋಣ ಅಂತ ಹಿತ್ತಲಿಗೆ ಬಂದೆ. ಅಲ್ಲಿ ಒಲೆ ಮೇಲೆ ದೊಡ್ಡ ಹಂಡೆ. ಅಡಿಕೆ ಬೇಯಿಸಿದ ಚೊಗರು ಕೆಂಪಗೆ ಕುದೀತಿತ್ತು. ಆ ಒಗರು ವಾಸನೆ ಮೂಗಿಗೆ ಹೊಡೆದದ್ದೇ ತಡ, ಚೊಂಬು ಹಿಡ್ಕೊಂಡು ಅಲ್ಲೇ ನಿಂತುಬಿಟ್ಟೆ. ಅಣ್ಣನ ಸೊಸೆ ಓಡಿ ಬಂದು, "ಎಂತಾಯ್ತು ಅತ್ತೆ? ತಲೆ ಸುತ್ತು ಬಂತಾ?" ಅಂದಳು. ತಲೆ ಏನೂ ಸುತ್ತಲಿಲ್ಲ. ಒಂದು ಕೋಟು ನೆನಪಾಯ್ತು, ಅಷ್ಟೆ. ಆದರೆ ಅದನ್ನ ಅವಳಿಗೆ ಎಲ್ಲಿಂದ ಶುರು ಮಾಡಿ ಹೇಳೋದು? ಆ ವರ್ಷದ ಸಂಗತಿ ನನಗೇ ಸರಿಯಾಗಿ ಅರ್ಥ ಆಗಿಲ್ಲ. ಆಗಲೂ ಆಗಲಿಲ್ಲ, ಈಗಲೂ ಆಗಿಲ್ಲ.

ಆಣೆ ಹೋಗಿ ಹೊಸ ಪೈಸೆ ಬಂದ ಮರುವರ್ಷ ಇರಬೇಕು. ಮಾಘದಲ್ಲಿ ನನ್ನ ಮದುವೆ ಆಯ್ತು. ಸೊರಬ ಸೀಮೆಯ ಹುಡುಗಿ ಶಿಕಾರಿಪುರದ ಪೇಟೆಗೆ ಬಂದುಬಿದ್ದೆ. ನಮ್ಮ ಮನೆಯವರಿಗೆ ಅಲ್ಲಿ ದರ್ಜಿ ಕೆಲಸ. ಹೊಲವನ್ನ ಇನ್ನೊಬ್ಬರಿಗೆ ಕೋರಿಗೆ, ಅಂದ್ರೆ ಬೆಳೆಯ ಪಾಲಿಗೆ ಕೊಟ್ಟು, ಹರೆಯದಲ್ಲೇ ಹೊಲಿಗೆ ಕಲಿತು, ಮನೆ ಜಗಲಿ ಮೇಲೇ ಮಿಷನ್ ಹಾಕ್ಕೊಂಡು ಕೂತಿದ್ದರು. ಮೆತ್ತನೆ ಮನುಷ್ಯ. ದನಿ ಎತ್ತಿ ಮಾತಾಡಿದ್ದು ನಾನು ಕೇಳಿಲ್ಲ. ಮೋಡ ಕವಿದು ಮನೆಯೆಲ್ಲ ಮಬ್ಬಾಗಿದ್ದಾಗಲೂ ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸೋರು. ನಾನು ಎಂಜಲು ಹಚ್ಚಿ, ದಾರದ ತುದಿ ಹೊಸೆದು, ಮೂರು ಸಲ ತಪ್ಪಿ ನಾಲ್ಕನೇ ಸಲಕ್ಕೆ ಪೋಣಿಸೋಳು. "ಕೊಡು ಇಲ್ಲಿ" ಅಂತ ಕಿತ್ಕೊಂಡು ಏರಿಸಿಬಿಡೋರು. ಅಬ್ಬಾ, ಎಂಥ ಕಣ್ಣಪ್ಪಾ ಇವರದು ಅಂದ್ಕೋತಿದ್ದೆ.

ನಮ್ಮ ತವರುಮನೆಯಲ್ಲಿ ಒಂದು ರೂಢಿ ಇತ್ತು. ಹೊಸ ಅಳಿಯ ಮೊದಲ ಯುಗಾದಿಗೆ ಬಂದರೆ ಅವನನ್ನ ಬೇಟೆಗೆ ಕರ್ಕೊಂಡು ಹೋಗಲೇಬೇಕು. ಹಬ್ಬದ ದಿನ ಮಧ್ಯಾಹ್ನ ಉಂಡು, ಗಾಡಿ ಕಟ್ಟಿ ಚಂದ್ರಗುತ್ತಿ ಕಡೆ ಹೊರಡೋದು. ಗುಡ್ಡದ ಬುಡದಲ್ಲಿ ತಂಗಿದ್ದು ಮಾರನೇ ಬೆಳಗ್ಗೆ ಹತ್ತೋದು. ಪ್ರಾಣಿ ಇಳಿದು ಬರೋ ದಾರೀಲಿ, ಎಲ್ಲರಿಗಿಂತ ಮೊದಲನೇ ಜಾಗದಲ್ಲಿ, ಅಳಿಯನ ಕೈಗೆ ಕೋವಿ ಕೊಟ್ಟು ಕೂರಿಸಬೇಕು. ಮಿಕ್ಕವರು ಗುಡ್ಡದ ನೆತ್ತಿಯಿಂದ ಕೂಗು ಹಾಕ್ತಾ, ಡಬ್ಬ ಬಡೀತಾ, ಹಂದಿ ಎಬ್ಬಿಸಿ ಕೆಳಗೆ ಓಡಿಸ್ತಾರೆ. ಆ ಕೂಗಿನವರ ಮುಂದಾಳು ನಮ್ಮಣ್ಣ ಕೆರಿಯಪ್ಪ. ಇನ್ನೂ ಒಂದು ಉಂಟು. ಅಳಿಯನ ಕೋವಿಗೆ ಮೊದಲ ಈಡು, ಅಂದ್ರೆ ಮೊದಲ ಸಲದ ಮದ್ದು ಗುಂಡು, ಹೆಂಡತಿಯೇ ದೇವರ ಮುಂದೆ ಕೂತು ಕೈಯಾರೆ ತುಂಬಿಕೊಡಬೇಕು. ನನಗೆ ಕೋವಿ ತುಂಬೋದು ಹತ್ತು ವರ್ಷಕ್ಕೇ ಅಪ್ಪ ಕಲಿಸಿದ್ದ. ಅಪ್ಪ ತೀರಿಕೊಂಡ ಮೇಲೆ ಅಣ್ಣನೇ ನನ್ನ ಸಾಕಿದೋನು, ಮದುವೆ ಮಾಡಿಕೊಟ್ಟೋನು.

ಆ ಅಣ್ಣ ಒಂದು ದಿನ ಶಿಕಾರಿಪುರಕ್ಕೆ ಬಂದ. ಜಗಲಿ ಮೇಲೆ ಕೂತು ನೀರು ಬೆಲ್ಲ ತಗೊಂಡು, "ಭಾವ, ಯುಗಾದಿಗೆ ಬರಬೇಕು. ಬೇಟೆಗೆ ನೀವೇ ಮೊದಲು. ಬಯಲುಸೀಮೆಯವರು ಗುಡ್ಡ ಅಂದ್ರೆ ಹೆದರ್ತಾರೆ ಅಂತ ನಮ್ಮೂರಲ್ಲಿ ಆಡ್ಕೋತಾರೆ. ನೀವು ಬಂದು ತೋರಿಸಬೇಕು ಮಾರಾಯ್ರೆ" ಅಂದ.

ಇವರು ಮಿಷನ್ ಚಕ್ರ ನಿಲ್ಲಿಸಿದರು. ಏನೋ ಸಬೂಬು ಹೇಳ್ತಾರೆ ಅಂದ್ಕೊಂಡೆ. "ಬರ್ತೀನಿ ಭಾವ, ಅದಕ್ಕೇನು" ಅಂದುಬಿಟ್ಟರು. ನನಗೆ ಎದೆ ಉಬ್ಬಿತು. ಇಷ್ಟು ಮೆತ್ತಗಿರೋರು ಇಷ್ಟು ಸಲೀಸಾಗಿ ಹೇಗೆ ಒಪ್ಪಿದರು ಅಂತ ಒಂದು ಕಡೆ ಗೊಂದಲವೂ ಆಯ್ತು. ಇರಲಿ, ಗಂಡಸರ ಧೈರ್ಯ ಮೇಲಿಂದ ಕಾಣಲ್ಲ ಅಂತ ಸಮಾಧಾನ ಮಾಡ್ಕೊಂಡೆ.

ನಮ್ಮ ಅತ್ತೆಗೆ ಮಾತ್ರ ಇದು ಬಿಲ್‌ಕುಲ್ ಹಿಡಿಸಲಿಲ್ಲ. "ನಿಮ್ಮ ಸೊರಬದ ಕಾಡಾಗ ಮಂಗ್ಯಾ ಪಟಪಟ ಸಾಯಾಕ ಹತ್ತ್ಯಾವಂತ. ಕಾಡಿಗೆ ಹೋದ ಮಂದಿಗೂ ಜ್ವರ ಬರ್ತೈತಂತ. ಅಂಥಲ್ಲಿಗೆ ಇರೋ ಒಬ್ಬ ಮಗನ್ನ ಕಳಿಸಂತೀಯೇನವ್ವಾ?" ಅಂತ ನನ್ನ ಮೇಲೇ ಹರಿಹಾಯ್ದರು. ಅವರು ಹೇಳಿದ್ದು ಸುಳ್ಳಲ್ಲ. ಹಿಂದಿನ ಬೇಸಿಗೆಯಿಂದ ಆ ಭಯ ಇತ್ತು. ಯಾವ ಜ್ವರ, ಎಲ್ಲಿಂದ ಬಂತು ಅಂತ ಆಗ ನಮಗ್ಯಾರಿಗೂ ತಿಳೀದು. "ಆ ಕಾಡು ಬೇರೆ ಅತ್ತೆ, ಈ ಗುಡ್ಡ ಬೇರೆ" ಅಂದೆ. ಬೇರೆಯೋ ಒಂದೆಯೋ ನನಗೂ ಗೊತ್ತಿರಲಿಲ್ಲ. ಒಟ್ಟಿನಲ್ಲಿ ಹೊರಡೋ ತಯಾರಿ ಶುರುವಾಯ್ತು.

ಮೊದಲು ಬಟ್ಟೆ. ಇವರ ಹತ್ರ ಇದ್ದದ್ದೆಲ್ಲ ಬಿಳಿ. ಬಿಳಿ ಪಂಚೆ, ಬಿಳಿ ಅಂಗಿ. ಕಾಡಿಗೆ ಬಿಳಿ ಉಟ್ಟು ಹೋದರೆ ಹಂದಿ ಇರಲಿ, ಹಂದಿಯ ನೆಂಟರೂ ಹತ್ರ ಬರಲ್ಲ. "ನಾನೇ ಹೊಲ್ಕೋತೀನಿ" ಅಂತ ಹುರುಪಿನಿಂದ ಕೂತರು. ನಾಲ್ಕು ದಿನ ಗಿರಾಕಿಗಳ ಕೆಲಸ ಪಕ್ಕಕ್ಕಿಟ್ಟು ದಪ್ಪ ಬಟ್ಟೇಲಿ ಒಂದು ಕೋಟು ಹೊಲಿದರು. ದೇವರೇ, ಅದಕ್ಕೆ ಹನ್ನೊಂದು ಜೇಬು! ಮದ್ದಿಗೊಂದು, ಗುಂಡಿಗೊಂದು, ಎಲೆಅಡಿಕೆಗೊಂದು, ಬೆಂಕಿಪೊಟ್ಟಣಕ್ಕೊಂದು. ಉಳಿದ ಏಳು ಯಾಕೆ ಅಂತ ಕೇಳಿದೆ. "ಬೇಕಾಗ್ತೈತಿ" ಅಂದರು. ಮುಂದೆ ಸಾಲಾಗಿ ಹಿತ್ತಾಳೆ ಗುಂಡಿ, ಪಳಪಳ ಹೊಳೆಯೋವು.

"ಇದನ್ನ ಹಾಕ್ಕೊಂಡು ಮದುವೆ ದಿಬ್ಬಣಕ್ಕೆ ಹೋಗ್ತೀರಾ? ಬಿಸಿಲು ಬಿದ್ರೆ ಮಿಂಚಲ್ವಾ ಇದು?" ಅಂದೆ.

"ಗುಂಡಿ ಇಲ್ದ ಕೋಟು ಕೋಟೇನ?" ಅಂತ ಮುಖ ಸಣ್ಣ ಮಾಡಿದರು. ಆದರೂ ಕಿತ್ತು, ಕಟ್ಟೋಕೆ ಕಸೆ ಹಾಕಿಕೊಟ್ಟರು. ಅಣ್ಣ ಕಳಿಸಿದ್ದ ಗಟ್ಟಿ ಚೊಗರು ಒಂದು ಕುಡಿಕೆ ಇತ್ತು. ಅದನ್ನ ಬಿಸಿನೀರಿಗೆ ಬಿಟ್ಟು ಕೋಟು, ಚಡ್ಡಿ, ತಲೆಗೆ ಸುತ್ತೋ ಬಟ್ಟೆ ಎಲ್ಲ ಮುಳುಗಿಸಿದೆ. ಎರಡು ದಿನ ನೆನೆಸಿ ಒಣಗಿಸಿದ ಮೇಲೆ ಒಣಗಿದ ಎಲೆ ಬಣ್ಣ ಬಂತು. ನನಗೆ ತೃಪ್ತಿ ಆಯ್ತು. ಅಷ್ಟರಲ್ಲಿ ಒಂದು ದಿನ ನಾನು ಬೆಳಗ್ಗೆಯಿಂದ ಕೆರೇಲಿ ಬಟ್ಟೆ ಒಗೀತಿದ್ದಾಗ ಅತ್ತೆ ಏನು ಮಾಡಿದರು ಅಂದ್ರೆ, ಮಗ ನೆಂಟರ ಮುಂದೆ ಮುದುಡಿದ ಬಟ್ಟೇಲಿ ಹೋಗಬಾರದು ಅಂತ, ಆ ಕೋಟಿಗೆ ಗಂಜಿ ಹಾಕಿ ಹಲಗೆ ಆಗೋ ಹಾಗೆ ಒಣಗಿಸಿ ಇಸ್ತ್ರಿಯನ್ನೂ ಮಾಡಿಸಿಬಿಟ್ಟಿದ್ದರು. ಹಾಕ್ಕೊಂಡು ಕೈ ಎತ್ತಿದರೆ ಹಪ್ಪಳ ಮುರಿದ ಸದ್ದು. ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. "ಅತ್ತೆ, ಹಂದಿಗೆ ಕಿವಿ ಭಾಳ ಸೂಕ್ಷ್ಮ" ಅಂದೆ. "ಆಗ್ಲಿ ಬಿಡವ್ವಾ, ಹಂದಿನೂ ಕೇಳ್ಲಿ, ನನ್ನ ಮಗ ಇಸ್ತ್ರಿ ಮಾಡಿದ್ದು ಹಾಕ್ಕೊಂಡು ಬಂದಾನ ಅಂತ" ಅಂದರು. ಮತ್ತೆ ಮೂರು ಸಲ ಒಗೆದು ಗಂಜಿ ಬಿಡಿಸಿ, ಇನ್ನೊಂದು ಸಲ ಚೊಗರಲ್ಲಿ ಅದ್ದಿದೆ. ಕಾಲಿಗೆ ಸುತ್ತೋಕೆ ಉದ್ದ ಪಟ್ಟಿ ಹರಿದು, ಹೊಂಗೆಣ್ಣೆ ಹಚ್ಚಿ ಇಟ್ಟೆ. ಬೇಸಿಗೆ ಕಾಡಲ್ಲಿ ಉಣುಗು, ಅದೇ ಉಣ್ಣೆ ಹುಳ, ಹತ್ತಿದರೆ ವಾರಗಟ್ಟಲೆ ಕೆರೀತಾ ಕೂರಬೇಕು.

ಆಮೇಲೆ ಮೈ. ಕೂತು ಕೂತು ಇವರ ಬೆನ್ನು ಬಾಗಿತ್ತು. ಮಿಷನ್ ತುಳಿದು ತುಳಿದು ಕಾಲೇನೋ ಗಟ್ಟಿ, ಆದರೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ನಾನು ಗುಡ್ಡ ಹತ್ತಿ ಬೆಳೆದೋಳು. ದಿನಾ ಬೆಳಗ್ಗೆ ಕೆರೆ ಏರಿ ಮೇಲೆ ಕರ್ಕೊಂಡು ಹೋಗ್ತೀನಿ ಅಂದೆ. ಹೊಸದಾಗಿ ಮದುವೆ ಆದ ಗಂಡ ಹೆಂಡತಿ ಜೋಡಿಯಾಗಿ ಸುತ್ತೋದು ಅಂದ್ರೆ ಆ ಕಾಲದಲ್ಲಿ ಊರು ಸುಮ್ಮನಿರುತ್ತಾ? ಅದಕ್ಕೆ ನಾನು ಎಮ್ಮೆ ಹೊಡ್ಕೊಂಡು ಮುಂದೆ, ಇವರು ಮೂವತ್ತು ಹೆಜ್ಜೆ ಹಿಂದೆ. ಹೆಗಲ ಮೇಲೆ ಒನಕೆ. ಕೋವಿ ಭಾರ ರೂಢಿ ಆಗಲಿ ಅಂತ ನಾನೇ ಹೊರಿಸಿದ್ದು. ದಾರೀಲಿ ಸಿಕ್ಕೋರು, "ಏನ್ರೀ, ಒನಕೆ ಹೊತ್ಕೊಂಡು ಯಾರ ಮನಿ ಭತ್ತ ಕುಟ್ಟಾಕ ಹೊಂಟ್ರಿ?" ಅಂತ ಕೇಳೋರು. ಇವರು ನಕ್ಕು ಮುಂದೆ ಹೋಗೋರು. ಅತ್ತೆ ಬಾಗಿಲಲ್ಲೇ ಕೂತು, "ಎಮ್ಮಿ ಜೊತಿಗೆ ಗಂಡನ್ನೂ ಮೇಯಿಸ್ಕೊಂಡು ಬಂದ್ಳು ನೋಡು" ಅನ್ನೋರು.

ಏರಿ ಇಳಿಜಾರನ್ನ ಹತ್ತಿಸೋದು, ಇಳಿಸೋದು, ಮತ್ತೆ ಹತ್ತಿಸೋದು. ಹದಿನೈದು ದಿನಕ್ಕೆ ಉಸಿರು ಹದಕ್ಕೆ ಬಂತು. ಅಲ್ಲಾಡದೆ ಕೂರೋದರಲ್ಲಂತೂ ನಾನು ಕಲಿಸೋದೇ ಇರಲಿಲ್ಲ. ಮರದ ಬುಡದಲ್ಲಿ ಕೂರಿಸಿದರೆ ಎಮ್ಮೆ ಹೊಟ್ಟೆ ತುಂಬೋವರೆಗೂ ಕಲ್ಲಿನ ಹಾಗೆ ಕೂತಿರೋರು. ಇರುವೆ ಹತ್ತಿದರೂ ಕಾಲು ಕೊಡವುತ್ತಿರಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ. ನಮ್ಮೂರ ಗಂಡಸರು ಇವರ ಮುಂದೆ ಏನೂ ಅಲ್ಲ ಅಂದ್ಕೊಂಡೆ.

ಒಂದು ಬೆಳಗ್ಗೆ ಏರಿ ಮೇಲೆ ನಿಂತಿದ್ದಾಗ ಆಚೆ ದಂಡೆಯಲ್ಲಿ ಒಂದು ದೊಡ್ಡ ಕೊಕ್ಕರೆ ಇಳೀತು. ನಾನು ಗುಡವಿ ಕೆರೆಯ ಹಕ್ಕಿ ನೋಡ್ಕೊಂಡು ಬೆಳೆದೋಳು. ಆಚೆ ದಡದ ಹಕ್ಕಿ ಯಾವುದು ಅಂತ ಈಚೆ ದಡದಿಂದ ಹೇಳ್ತಿದ್ದೆ. ಖುಷಿಯಿಂದ, "ನೋಡಿ, ಹೇಗೆ ನಿಂತಿದೆ!" ಅಂದೆ. "ಹ್ಞೂ, ಭಾಳ ಚೆಂದ ಐತಿ" ಅಂದರು. ತಿರುಗಿ ನೋಡಿದರೆ ಇವರ ಮುಖ ಇನ್ನೆತ್ತಲೋ ಇತ್ತು. ನನಗೆ ಅರ್ಥ ಆಗಲಿಲ್ಲ. ತಮಾಷೆ ಮಾಡ್ತಿದ್ದಾರಾ?

ಅಷ್ಟರಲ್ಲಿ ಏರಿ ಮೇಲೆ ಯಾರೋ ಹೆಂಗಸು ನಮ್ಮ ಕಡೆ ಬರ್ತಿದ್ದರು. ಇವರು ಗಾಬರಿಯಿಂದ, "ಯಾರೋ ಬಂದ್ರು, ನೀ ಅತ್ತ ಸರಿ. ಇಬ್ರೂ ಕೂಡಿ ನಿಂತದ್ದು ನೋಡಿ ಏನಾರ ಅಂದಾರು" ಅಂದರು. ನಾನು ಬಾಯಿ ಬಿಟ್ಕೊಂಡು ನಿಂತೆ. ಬರ್ತಿದ್ದದ್ದು ನಮ್ಮ ಅತ್ತೆ! ಹೆತ್ತ ತಾಯಿ! ಅದೇ ಹಸಿರು ಸೀರೆ, ಅದೇ ಕಾಲೆಳೆಯೋ ನಡಿಗೆ. ಹತ್ತು ಹೆಜ್ಜೆ ಹತ್ರ ಬಂದ ಮೇಲೆ, ಅವರು "ಮನೀಗೆ ಗಿರಾಕಿ ಬಂದು ಕುಂತಾರ" ಅಂತ ಕೂಗಿದ ಮೇಲೆ, ಇವರು "ಓ, ಅವ್ವ!" ಅಂದರು.

ಆ ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ. ಇದೇನಿದು? ಕುರುಡರಾ ಅಂದ್ರೆ, ಸೂಜಿ ಕಣ್ಣಿಗೆ ದಾರ ಏರಿಸೋ ಮನುಷ್ಯ. ಕಾಣ್ತದೆ ಅಂದ್ರೆ, ಹೆತ್ತವಳು ಎದುರಿಗೆ ಬಂದರೂ ಗುರುತಿಲ್ಲ. ಹತ್ತಿರದ್ದು ಕಂಡು ದೂರದ್ದು ಕಾಣದ ಕಣ್ಣು ಇರುತ್ತೆ ಅಂತ ನನಗೆ ಯಾರು ಹೇಳಿದ್ದರು? ನಮ್ಮೂರಲ್ಲಿ ಕಣ್ಣು ಮಂಜಾಗೋದು ಮುದುಕರಿಗೆ, ಅವರಿಗೆ ಕಾಣದೆ ಇರೋದು ಹತ್ತಿರದ್ದು. ಇದು ಉಲ್ಟಾ. ಸುಮ್ಮನೆ ಒಂದೆರಡು ಪರೀಕ್ಷೆ ಮಾಡಿದೆ. ಬೀದಿ ಕೊನೆಯಲ್ಲಿ ಕತ್ತೆ ನಿಂತಿದ್ದಾಗ "ಕರು ಯಾರದು?" ಅಂದೆ. "ಪಕ್ಕದ ಮನೀದಿರಬೇಕು" ಅಂದರು. ಅನುಮಾನ ಉಳೀಲಿಲ್ಲ. ಹೆಣ್ಣು ನೋಡೋಕೆ ಬಂದಾಗ ಇವರು ತಲೆ ಎತ್ತಿರಲಿಲ್ಲ. ನಮ್ಮ ಮನೆ ಹೆಂಗಸರೆಲ್ಲ "ಎಷ್ಟು ಸಂಭಾವಿತ ಹುಡುಗ" ಅಂತ ಹೊಗಳಿದ್ದೇ ಹೊಗಳಿದ್ದು. ತಲೆ ಎತ್ತಿ ಏನು ಮಾಡ್ತಾರೆ, ಪಾಪ, ನಾನು ಕೂತಿದ್ದು ನಡುಮನೆಯ ಆಚೆ ತುದೀಲಿ.

ಮೋಸ ಮಾಡಿದರು ಅಂತ ಸಿಟ್ಟು ಬಂತು. ಸಿಟ್ಟು ಅರ್ಧ ದಿನವೂ ನಿಲ್ಲಲಿಲ್ಲ, ಅದರ ಜಾಗಕ್ಕೆ ಹೆದರಿಕೆ ಬಂತು. ಗುಡ್ಡದ ಮೇಲಿಂದ ಮೊದಲು ಇಳಿದು ಬರೋದು ಹಂದಿ. ಅದರ ಹಿಂದೆಯೇ ಇಳಿದು ಬರೋನು ನಮ್ಮಣ್ಣ. ಕೆಳಗೆ ಕೋವಿ ಹಿಡಿದು ಕೂರೋರು, ತಾಯಿಯನ್ನೇ ಗುರುತು ಹಿಡಿಯದ ಇವರು!

ನೇರವಾಗಿ ಕೇಳೋ ಧೈರ್ಯ ಬರಲಿಲ್ಲ. ಸುತ್ತಿ ಬಳಸಿ, "ಹೊಟ್ಟೆನೋವು ಅಂತ ಹೇಳಿ ತಪ್ಪಿಸ್ಕೊಳ್ಳಿ. ನಾನೂ ಹೌದು ಅಂತೀನಿ" ಅಂದೆ. ಮೊದಲ ಸಲ ಇವರ ಮುಖ ಬಿಗೀತು.

"ಯಾಕ?"

"ಸುಮ್ಮನೆ. ಮಂಗನ ಜ್ವರ ಅಂತಾರಲ್ಲ."

"ನಾ ಬರ್ತೀನಿ ಅಂದೀನಿ. ಹಿಂದಕ್ಕ ಸರಿದ್ರ ನಿಮ್ಮಣ್ಣ ಊರ ತುಂಬ ಹೇಳ್ಕೊಂಡು ನಗ್ತಾನ. ನೀನೂ ನಗ್ತೀ." ಅಷ್ಟು ಹೇಳಿ ಮಿಷನ್ ತುಳಿಯೋಕೆ ಶುರು ಮಾಡಿದರು. ನಾನು ನಗ್ತೀನಾ? ಆ ಮಾತು ಯಾಕೆ ಬಂತೋ. ಒನಕೆ ಹೊರಿಸಿ, ಏರಿ ಹತ್ತಿಸಿ, ನಾನೇ ಇವರನ್ನ ಇಲ್ಲೀವರೆಗೆ ತಂದು ನಿಲ್ಲಿಸಿದೆನಾ ಅಂತ ಅನಿಸಿ ಎದ್ದು ಒಳಗೆ ಹೋದೆ.

ಯುಗಾದಿಗೆ ಎರಡು ದಿನ ಮುಂಚೆ ಬಸ್ಸು ಹತ್ತಿದೆವು. ಸೊರಬದಲ್ಲಿ ಇಳಿದಾಗ ಅಣ್ಣ ಗಾಡಿ ತಂದು ಕಾಯ್ತಿದ್ದ. ದಾರಿಯುದ್ದಕ್ಕೂ ಒಂದೇ ಯೋಚನೆ. ಅಣ್ಣನಿಗೆ ಹೇಳಿಬಿಡಲಾ? ಊರಿಗೆ ಹೋದ ಸಂಜೆ, ಕೊಟ್ಟಿಗೆಯಲ್ಲಿ ಅವನೊಬ್ಬನೇ ಹುಲ್ಲು ಹಾಕ್ತಿದ್ದಾಗ ಹೋಗಿ ನಿಂತೆ.

"ಅಣ್ಣಾ, ಒಂದು ಮಾತು."

"ಎಂತದೇ ಚೌಡಿ? ಅಲ್ಲಿ ಚೆನ್ನಾಗಿ ನೋಡ್ಕೋತಾರೆ ತಾನೆ?"

"ನೋಡ್ಕೋತಾರೆ."

"ಹಂಗಾರೆ ಸೈ. ಭಾವನ್ನ ನೋಡಿ ನಂಗೆ ಹೊಟ್ಟೆ ತುಂಬಿ ಹೋತು. ಒಂದು ಕುಂದಿಲ್ಲ. ಏನಾದ್ರೂ ಮುಚ್ಚಿಟ್ಟು ಮದುವೆ ಮಾಡ್ಕೊಂಡ್ರು ಅಂತ ಗೊತ್ತಾಗಿದ್ರೆ ಅವತ್ತೇ ನಿನ್ನ ಗಾಡಿ ಹತ್ತಿಸ್ಕೊಂಡು ಬಂದುಬಿಡ್ತಿದ್ದೆ ನೋಡು, ಅಪ್ಪನಾಣೆ." ಅಷ್ಟು ಹೇಳಿ, "ಎಂತದೋ ಮಾತು ಅಂದ್ಯಲ್ಲ?" ಅಂತ ಕೇಳಿದ.

"ಏನಿಲ್ಲ. ಚೊಗರು ಇನ್ನೊಂದು ಕುಡಿಕೆ ಬೇಕಿತ್ತು" ಅಂದೆ.

ಹೇಳಿದರೆ ಗಂಡನ ಮನೆ ಹೋಯ್ತು. ಹೇಳದೆ ಹೋದರೆ ಅಣ್ಣನೇ ಹೋಗಬಹುದು. ಯಾರ ಹತ್ರ ಹೋಗಿ ಏನು ಕೇಳಲಿ? ಅಮ್ಮನ ಹತ್ರ ಹೋದರೆ ಊರಿಗೆಲ್ಲ ಗೊತ್ತಾಗುತ್ತೆ. ಇವರ ಹತ್ರ ಹೋದರೆ ಇವರ ಮರ್ಯಾದೆ ಮಣ್ಣಾಗುತ್ತೆ. ಬೇವು ಬೆಲ್ಲ ತಿಂದಾಗ ನನ್ನ ಬಾಯಿಗೆ ಯಾವುದು ಸಿಕ್ಕಿತು ಅಂತ ಕೂಡ ಗೊತ್ತಾಗಲಿಲ್ಲ.

ಹಬ್ಬದ ಪೂಜೆ ಆಯ್ತು. ದೇವರ ಮುಂದೆ ಕಂಬಳಿ ಹಾಸಿ, ಅಪ್ಪನ ಕೋವಿ ಮಲಗಿಸಿದ್ದರು. ಬಾಯಿಂದ ತುಂಬೋ ಹಳೇ ಕೋವಿ ಅದು. ಮನೆಯೋರೆಲ್ಲ ಹಿಂದೆ ನಿಂತರು. ನಾನು ಬೆನ್ನು ಮಾಡಿ ಕೂತೆ. ಮೊದಲು ಮದ್ದು ಸುರಿದೆ. ತೆಂಗಿನ ನಾರು ತುರುಕಿ ಸರಳಿನಿಂದ ಬಿಗಿಯಾಗಿ ಜಡಿದೆ. ಇನ್ನು ಸೀಸದ ಗುಂಡು. ಅದು ಅಂಗೈಯಲ್ಲಿತ್ತು, ತಣ್ಣಗೆ. ಇವರು ಪಕ್ಕದಲ್ಲೇ ಚೊಗರು ಬಣ್ಣದ ಕೋಟು ಹಾಕ್ಕೊಂಡು ನಿಂತಿದ್ದರು. ನಾನು ಮುಂಚೆಯೇ ಯೋಚಿಸಿ ಮಾಡಿದ್ದಲ್ಲ, ದೇವರ ಮುಂದೆ ಕೂತೇ ಹೇಳ್ತೀನಿ. ಗುಂಡು ಹಾಕೋ ಹಾಗೆ ಕೈ ಕೋವಿ ಬಾಯಿಗೆ ಹೋಯ್ತು. ವಾಪಸ್ಸು ಬಂದಾಗ ಗುಂಡು ಇನ್ನೂ ಕೈಯಲ್ಲೇ ಇತ್ತು. ಅದನ್ನ ಸೆರಗಿನ ತುದಿಗೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಗುಂಡಿನ ಜಾಗ ತುಂಬಲಿ ಅಂತ ಮೇಲಿಂದ ಎರಡು ಪಾಲು ನಾರು ತುರುಕಿದೆ.

ಅಣ್ಣ ಬಂದು ಸರಳು ಒಳಗೆ ಬಿಟ್ಟು, ಎಷ್ಟು ಬೆರಳು ಹೊರಗೆ ನಿಲ್ಲುತ್ತೆ ಅಂತ ಅಳೆದ. ಸರಿಯಾಗಿ ನಾಲ್ಕು ಬೆರಳು. "ಭೇಷ್, ಕೈ ಮರ್ತಿಲ್ಲ ನೋಡು" ಅಂತ ನನ್ನ ತಲೆ ಸವರಿದ. ನಾನು ಸೊಂಟದ ಸೆರಗನ್ನ ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿದೆ. ಇವರು ಕೋವಿ ಹೆಗಲಿಗೇರಿಸಿ, ಒನಕೆ ಹೊತ್ತ ಅಭ್ಯಾಸದಲ್ಲೇ, ನೆಟ್ಟಗೆ ನಡೆದು ಗಾಡಿ ಹತ್ತಿದರು. ಹತ್ತೋ ಮುಂಚೆ ನನ್ನ ಕಡೆ ತಿರುಗಿ ನಕ್ಕರು. ನಾನು ಎಲ್ಲಿ ನಿಂತಿದ್ದೇನೆ ಅಂತ ಅಂದಾಜಿನ ಮೇಲೆ ನಕ್ಕಿದ್ದು, ನಗು ನಮ್ಮಮ್ಮನಿಗೆ ಸೇರಿತು.

ಮಾರನೇ ದಿನ ಕಳೆದದ್ದು ಹೇಗೋ ನನಗೆ ಗೊತ್ತಿಲ್ಲ. ಭತ್ತ ಕೇರೋಕೆ ಕೂತೆ, ಕಲ್ಲು ಇಟ್ಕೊಂಡು ಭತ್ತ ಬಿಸಾಡಿದೆ. ಅಣ್ಣನಿಗೇನೂ ಆಗಲ್ಲ ಅಂತ ನೆಮ್ಮದಿ ಒಂದು ಗಳಿಗೆ, ಏನು ಮಾಡಿಬಿಟ್ಟೆ ಅಂತ ಒಂದು ಗಳಿಗೆ. ಸಂಜೆ ಗಾಡಿ ಬಂತು. ಹಂದಿ ಸಿಕ್ಕಿತ್ತು, ಬೇರೆ ಯಾರೋ ಹೊಡೆದಿದ್ದರು. ಎಲ್ಲರೂ ಗಲಾಟೆ ಮಾಡ್ತಾ ಇಳಿದರು. ಇವರು ಕೊನೆಗೆ ಇಳಿದರು. ಮುಖ ಬೂದಿ ಬಣ್ಣ.

"ನಮ್ಮ ಭಾವ ಗುಡ್ಡಕ್ಕೇ ಗುಂಡು ಹೊಡೆದ್ರು ಕಣ್ರೋ!" ಅಂತ ಅಣ್ಣ ನಗಾಡಿದ. "ಹಂದಿ ಇವ್ರ ಮುಂದೇ ಹಾದು ಹೋಗ್ಯದೆ. ಹೆಜ್ಜೆ ನೋಡಿದ್ನಲ್ಲ, ಹನ್ನೆರಡು ಮಾರೂ ದೂರ ಇಲ್ಲ. ಮೊದಲ್ನೇ ಸಲ, ಹಂಗೇ ಆತದೆ ಬಿಡಿ ಭಾವ." ಆಮೇಲೆ ಕೋವಿ ಗೋಡೆಗೆ ಒರಗಿಸ್ತಾ, "ಆದ್ರೂ ಈಡಿನ ಸದ್ದು ಯಾಕೋ ಹಗುರ ಇತ್ತು" ಅಂದ. ಹಾಗೆ ಅಂದಾಗ ಅವನು ನನ್ನ ನೋಡಿದನೋ, ನನ್ನ ಹಿಂದಿದ್ದ ಕಂಬ ನೋಡಿದನೋ, ಇವತ್ತಿಗೂ ಗೊತ್ತಾಗಿಲ್ಲ. ಅಳಿಯನ ಪಾಲು ಅಂತ ತೊಡೆಯ ತುಂಡು ನಮ್ಮ ಎಲೆಗೇ ಬಂತು. ಇವರು ಮುಟ್ಟಲಿಲ್ಲ.

ಶಿಕಾರಿಪುರಕ್ಕೆ ವಾಪಸ್ಸು ಬಂದ ಮೇಲೆ ಇವರು ಮಿಷನ್ ಮುಂದೆ ಕೂರೋರು, ಚಕ್ರ ತಿರುಗಿಸುತ್ತಿರಲಿಲ್ಲ. ಗುರಿ ತಪ್ಪಿದ ನಾಚಿಕೆ ಅಂದ್ಕೊಂಡೆ. ಅತ್ತೆ ಜ್ವರವೇ ಬಂತು ಅಂತ ಗಳಿಗೆಗೊಂದು ಸಲ ಹಣೆ ಮುಟ್ಟಿ ನೋಡಿದರು. ಮೂರನೇ ದಿನ ಬೆಳಗ್ಗೆ ಅತ್ತೆ ಹೊರಗೆ ಹೋಗಿದ್ದಾಗ ನನ್ನ ಕರೆದರು.

"ಚೌಡಮ್ಮ, ನಾ ಇನ್ನ ನಿಮ್ಮೂರಿಗೆ ಬರಂಗಿಲ್ಲ. ನಿಮ್ಮಣ್ಣನ ಮುಖ ನೋಡಂಗಿಲ್ಲ."

"ಗುರಿ ತಪ್ಪೋದು ಎಲ್ಲರಿಗೂ..."

"ಗುರಿ ಅಲ್ಲ." ಇವರು ಕೈಲಿದ್ದ ಕತ್ತರಿ ಕೆಳಗಿಟ್ಟರು. "ಕರ್ರಗೆ ಏನೋ ಸರಿದಾಡಿದಂಗಾತು, ಹೊಡದೆ. ಹೊಗಿ ಹೋದ ಮ್ಯಾಲ ಅದೇ ಪೊದಿಯಿಂದ ನಿಮ್ಮಣ್ಣ ತಲಿಗೆ ಬಟ್ಟಿ ಸುತ್ಕೋತ ಎದ್ದು ಬಂದ. ನಾ ಹಂದಿಗೆ ಹೊಡದ್ನೋ, ಅವಂಗೇ ಹೊಡದ್ನೋ... ನಂಗ ಗೊತ್ತಿಲ್ಲ. ದೇವರಾಣಿ ಗೊತ್ತಿಲ್ಲ. ಕಣ್ಣು ಮುಚ್ಚಿದ್ರ ಅವ ಬಿದ್ದಂಗ ಕಾಣ್ತೈತಿ. ನಾ ಕೊಲಿಗಾರ."

ಗಂಡಸು ಅತ್ತದ್ದನ್ನ ನಾನು ಅದೇ ಮೊದಲು ನೋಡಿದ್ದು. ನನ್ನ ಕೈಲಿ ತಡ್ಕೊಳ್ಳೋಕಾಗಲಿಲ್ಲ. ಒಳಗೆ ಹೋಗಿ ಹಬ್ಬಕ್ಕೆ ಉಟ್ಟಿದ್ದ ಸೀರೆಯ ಸೆರಗಿನ ಗಂಟು ಬಿಚ್ಚಿ, ಆ ಸೀಸದ ಗುಂಡು ತಂದು ಮಿಷನ್ ಹಲಗೆ ಮೇಲಿಟ್ಟೆ. "ಕೋವೀಲಿ ಬರೀ ಮದ್ದು ಇತ್ತು. ಯಾರಿಗೂ ಏನೂ ಆಗ್ತಿರಲಿಲ್ಲ. ಗುಂಡು ಇಲ್ಲಿದೆ ನೋಡಿ" ಅಂದೆ.

ಇವರು ಗುಂಡನ್ನ ಎತ್ತಿ, ಬೆರಳ ನಡುವೆ ಉರುಳಿಸಿ, ಕಣ್ಣ ಹತ್ರ ಹಿಡಿದು ನೋಡಿದರು. ಸಿಟ್ಟಾಗ್ತಾರೆ ಅಂತ ಕಾದೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಯಾವಾಗಿಂದ ಗೊತ್ತು ನಿಂಗ, ನನ್ನ ಕಣ್ಣಿನ ವಿಚಾರ?"

"ಏರಿ ಮೇಲೆ. ಅತ್ತೆ ಬಂದ ದಿನ."

"ಹ್ಞೂ." ಗುಂಡನ್ನ ಹಲಗೆ ಮೇಲಿಟ್ಟರು. "ನಿಮ್ಮಣ್ಣನ ಜೀವ ಉಳಿಸ್ದಿ. ನನ್ನ ಮರ್ಯಾದಿನೂ ಉಳಿಸ್ದಿ." ನನಗೆ ಹೋದ ಉಸಿರು ಬಂದ ಹಾಗಾಯ್ತು. ಆಗ ತಲೆ ಎತ್ತಿ, ದನಿ ಸ್ವಲ್ಪವೂ ಏರಿಸದೆ ಕೇಳಿದರು:

"ಹಂದಿ ಹನ್ನೆರಡು ಮಾರು ದೂರದಾಗ ಹೋತಂತಲ್ಲ. ಅದು ನನ್ನ ಕಡಿ ತಿರುಗಿದ್ರ?"

ಆ ಇಡೀ ತಿಂಗಳು, ಕೋವಿ ತುಂಬೋ ಆ ಗಳಿಗೆಯಲ್ಲೂ, ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅಣ್ಣನನ್ನ ಯೋಚಿಸಿದ್ದೆ. ಊರವರನ್ನ, ಮರ್ಯಾದೆಯನ್ನ, ತವರಿಗೆ ವಾಪಸ್ಸು ಹೋಗಬೇಕಾಗೋದನ್ನ ಯೋಚಿಸಿದ್ದೆ. 'ಗುಡ್ಡದ ಬುಡದಲ್ಲಿ ಬರೀ ಸದ್ದಿನ ಕೋವಿ ಹಿಡ್ಕೊಂಡು, ಕಣ್ಣು ಕಾಣದೆ, ಹೇಳಿದ ಹಾಗೆ ಅಲ್ಲಾಡದೆ ಕೂತಿದ್ದ ಇವರನ್ನ ಮಾತ್ರ ನಾನು ಯೋಚಿಸಿರಲಿಲ್ಲ' ಅಂತ ಹೇಗೆ ಹೇಳೋದು? ಇವರು ಉತ್ತರಕ್ಕೆ ಕಾದರು. ಆಮೇಲೆ ಗುಂಡನ್ನ ಸೂಜಿ ಡಬ್ಬಿಗೆ ಹಾಕಿ ಚಕ್ರ ತಿರುಗಿಸಿದರು. ಮತ್ತೆ ಯಾವತ್ತೂ ಆ ಪ್ರಶ್ನೆ ಕೇಳಲಿಲ್ಲ. ಐವತ್ತು ವರ್ಷ ಬಾಳಿದೆವು, ನಾಲ್ಕು ಮಕ್ಕಳಾದವು. ಕೇಳಿದರೆ ಹೇಳೋಣ ಅಂತ ನಾನು ಎಷ್ಟೋ ಉತ್ತರ ಮಾಡ್ಕೊಂಡಿದ್ದೆ, ಒಂದೂ ನಿಜ ಇರಲಿಲ್ಲ.

ಮುಂದಿನ ವಾರ ಯಾರಿಗೂ ಹೇಳದೆ ಇವರು ಶಿವಮೊಗ್ಗಕ್ಕೆ ಹೋದರು. ಮೂರು ದಿನ ಬಿಟ್ಟು ಬಂದರು. ಮಧ್ಯಾಹ್ನದ ಬಸ್ಸಿನ ಸದ್ದು ಕೇಳಿ ನಾನು ಬಾಗಿಲಿಗೆ ಬಂದು ನಿಂತಿದ್ದೆ. ಬೀದಿ ಕೊನೆಯಲ್ಲಿ ಇವರು ಕಾಣಿಸಿದರು. ಮೂಗಿನ ಮೇಲೆ ದಪ್ಪ ಕನ್ನಡಕ. ನಾಲ್ಕು ಹೆಜ್ಜೆ ಬಂದು, ಹಾದಿ ನಡುವೆ ಗಕ್ಕನೆ ನಿಂತುಬಿಟ್ಟರು. ಅಲ್ಲಿಂದಲೇ ನನ್ನ ಮುಖ ನೋಡಿದರು. ಮದುವೆ ಆಗಿ ಎರಡು ತಿಂಗಳು ಕಳೆದಿತ್ತು. ಅಷ್ಟು ದೂರದಿಂದ ಅವರು ನನ್ನ ನೋಡಿದ್ದು ಅದೇ ಮೊದಲು. ನಗಬೇಕು ಅಂತ ಅನಿಸಿತು. ಮುಖ ಮುಚ್ಕೊಳ್ಳಬೇಕು ಅಂತಲೂ ಅನಿಸಿತು. ಅವರಿಗೆ ಏನೇನು ಕಾಣ್ತಿದೆಯೋ ತಿಳೀದೆ, ಬಾಗಿಲು ಹಿಡ್ಕೊಂಡು ನಿಂತೇ ಇದ್ದೆ.